ಲಮಿಯಾ ಅಲ್-ಗೈಲಾನಿ ಮತ್ತು ಬಾಗ್ದಾದಿನ ಮ್ಯೂಸಿಯಂ

ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆಯುವುದೆಂದರೆ ಶಂಕುಸ್ಥಾಪನೆಯ ತಾರೀಖು, ಅಧ್ಯಕ್ಷರ ಪಟ್ಟಿ, ಕಟ್ಟಡ ನಿಧಿಗೆ ಕೊಟ್ಟವರ ಹೆಸರು, ಕೊನೆಗೊಂದು ಗುಂಪು ಫೋಟೋ. ವಸ್ತುಸಂಗ್ರಹಾಲಯಗಳನ್ನೇ ಕುರಿತ ಈ ಸಂಚಿಕೆಯಲ್ಲಿ ಹೊರದೇಶದ್ದೂ ಒಂದಿರಲಿ ಎಂದು ಸಂಪಾದಕರು ಕೇಳಿದಾಗ, ನಾನು ಬ್ರಿಟಿಷ್ ಮ್ಯೂಸಿಯಮ್ಮನ್ನೋ ಲೂವ್ರನ್ನೋ ಹಿಡಿಯುತ್ತೇನೆಂದು ಅವರು ತಿಳಿದಿರಬೇಕು. ನಾನು ಹಿಡಿದದ್ದು ಬಾಗ್ದಾದಿನ ಇರಾಕ್ ಮ್ಯೂಸಿಯಮ್ಮನ್ನು. ಅದನ್ನೂ ಅಲ್ಲಿನ ನಿರ್ದೇಶಕರ ಸಾಲು ಹಿಡಿದು ಹೇಳುವ ಮನಸ್ಸು ನನಗಿಲ್ಲ. ಅಲ್ಲಿ ಕೆಲವೇ ವರ್ಷ ನೌಕರಿ ಮಾಡಿ, ಆಮೇಲೆ ನಲವತ್ತು ವರ್ಷಕ್ಕೂ ಮಿಕ್ಕಿ ಲಂಡನ್ನಿನಲ್ಲಿ ನೆಲೆಸಿ, ಅಲ್ಲಿಂದಲೇ ಆ ಮ್ಯೂಸಿಯಮ್ಮಿನ ಚಾಕರಿ ಮಾಡಿದ ಒಬ್ಬ ಹೆಣ್ಣುಮಗಳ ಬೆನ್ನು ಹಿಡಿದು ಹೇಳುತ್ತೇನೆ. ಹೆಸರು ಲಮಿಯಾ ಅಲ್-ಗೈಲಾನಿ ವೆರ್. ಹುಟ್ಟಿದ್ದು 1938ರಲ್ಲಿ, ಬಾಗ್ದಾದಿನಲ್ಲಿ. ತೀರಿಕೊಂಡದ್ದು 2019ರ ಜನವರಿಯಲ್ಲಿ, ಜೋರ್ಡಾನಿನ ಅಮ್ಮಾನಿನಲ್ಲಿ.

ಮೊದಲು ಒಂದು ಕಲ್ಲಿನ ವಿಷಯ. ನನ್ನ ಮೇಜಿನ ಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಪ್ಪು ಕೊಳವೆಯೊಂದಿದೆ. ಲಂಡನ್ನಿಗೆ ಹೋಗಿಬಂದ ಹಳೆಯ ವಿದ್ಯಾರ್ಥಿಯೊಬ್ಬ ತಂದುಕೊಟ್ಟದ್ದು. ಕಲ್ಲಲ್ಲ, ರಾಳದಲ್ಲಿ ಎರಕ ಹೊಯ್ದ ನಕಲು. ಬರಿಗಣ್ಣಿಗೆ ಏನೋ ಗೀಚಿದ ಹಾಗೆ ಕಾಣುತ್ತದೆ, ಅಷ್ಟೆ. ಒಂದು ಭಾನುವಾರ ಅಡುಗೆಮನೆಯಲ್ಲಿ ಚಪಾತಿಗೆ ನಾದಿಟ್ಟ ಹಿಟ್ಟಿನಲ್ಲಿ ಒಂದು ಉಂಡೆ ಕದ್ದು, ಲಟ್ಟಿಸಿ, ಅದರ ಮೇಲೆ ಈ ಕೊಳವೆಯನ್ನಿಟ್ಟು ಅಂಗೈಯಲ್ಲಿ ಒತ್ತಿ ಉರುಳಿಸಿದೆ. ಮೊದಲು ಒಂದು ಟೋಪಿ, ಆಮೇಲೆ ಎತ್ತಿದ ಎರಡು ಕೈ, ನೆರಿಗೆ ನೆರಿಗೆಯ ಲಂಗ ತೊಟ್ಟ ಒಬ್ಬ ದೇವಿ, ಅವಳ ಮುಂದೆ ಬೆಟ್ಟದ ಮೇಲೆ ಒಂದು ಕಾಲಿಟ್ಟು ನಿಂತ ದೇವರು, ಪಕ್ಕದಲ್ಲಿ ಮೂರು ಸಾಲು ಬೆಣೆಯಾಕಾರದ ಲಿಪಿ. ಉರುಳಿಸುತ್ತಲೇ ಹೋದರೆ ಮತ್ತೆ ಅದೇ ಟೋಪಿ, ಅದೇ ಕೈ. ಮೊಮ್ಮಗಳು ನೋಡುತ್ತಿದ್ದವಳು, "ತಾತ, ಇದು ಜಾತ್ರೇಲಿ ಮಾರ್ತಾರಲ್ಲ, ರಂಗೋಲಿ ಕೊಳವೆ, ಅದೇ ಅಲ್ವಾ?" ಅಂದಳು. ನಾನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದರೂ ಇಷ್ಟು ಸರಿಯಾದ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಪುರಾತತ್ವದವರು ಇದನ್ನು ಸಿಲಿಂಡರ್ ಸೀಲ್ ಅನ್ನುತ್ತಾರೆ. ನಾನು ಉರುಳುಮುದ್ರೆ ಅನ್ನುತ್ತೇನೆ. ಸಿಂಧೂ ಬಯಲಿನ ಒಂಟಿಕೊಂಬಿನ ಪ್ರಾಣಿಯ ಮುದ್ರೆ ಶಾಲೆಯ ಪುಸ್ತಕದಿಂದ ನಮಗೆಲ್ಲ ಗೊತ್ತು. ಅದು ಚೌಕ, ಒಂದೇ ಸಲ ಒತ್ತುವಂಥದ್ದು. ಮೆಸೊಪೊಟೇಮಿಯದವರು ಐದು ಸಾವಿರ ವರ್ಷದ ಹಿಂದೆಯೇ ಉರುಳಿಸುವ ಮುದ್ರೆ ಮಾಡಿಕೊಂಡರು. ಎಣ್ಣೆಯ ಗುಡಾಣದ ಬಾಯಿಗೆ ಬಟ್ಟೆ ಕಟ್ಟಿ, ದಾರ ಸುತ್ತಿ, ಗಂಟಿನ ಮೇಲೆ ಹಸಿ ಜೇಡಿಮಣ್ಣು ಮೆತ್ತಿ ಅದರ ಮೇಲೆ ಇದನ್ನು ಉರುಳಿಸಿಬಿಟ್ಟರೆ ಆಯಿತು, ಮುಟ್ಟಿದವನು ಸಿಕ್ಕಿಬೀಳುತ್ತಾನೆ. ಉಗ್ರಾಣದ ಬಾಗಿಲಿಗೂ ಅದೇ, ಜಮೀನು ಮಾರಾಟದ ಪತ್ರಕ್ಕೂ ಅದೇ. ಹಳೆಯ ಬ್ಯಾಬಿಲೋನ್ ಕಾಲದಲ್ಲಿ, ಎಂದರೆ ಕ್ರಿ.ಪೂ. 2000ದಿಂದ 1600ರ ತನಕ, ಈ ಮುದ್ರೆಗಳಿಗೆ ಬಹಳ ಮೆಚ್ಚಿನ ಕಲ್ಲು ಹೆಮಟೈಟ್. ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಹೋಗುತ್ತದಲ್ಲ, ಅದೇ ಕಬ್ಬಿಣದ ಅದಿರು. ಅಷ್ಟು ಗಡುಸಾದ ಕಲ್ಲಿನಲ್ಲಿ, ಬಲವನ್ನು ಎಡ ಮಾಡಿ, ಉಬ್ಬನ್ನು ತಗ್ಗು ಮಾಡಿ, ಕೂದಲೆಳೆಯಷ್ಟು ಗೆರೆ ಕೊರೆಯುತ್ತಿದ್ದರು. ಅದರಲ್ಲಿ ಬರೆದದ್ದು ಹೆಚ್ಚಾಗಿ ಮೂರೇ ಮಾತು: ಇಂಥವನು, ಇಂಥವನ ಮಗ, ಇಂಥ ದೇವರ ಸೇವಕ. ವಚನಕ್ಕೊಂದು ಅಂಕಿತ, ದಾಸರ ಪದಕ್ಕೊಂದು ಮುದ್ರಿಕೆ ಇಟ್ಟದ್ದನ್ನು ಕೇಳಿದ ನಮಗೆ, ದೇವರ ಹೆಸರಿನಲ್ಲಿ ತನ್ನ ಗುರುತು ಹಾಕುವ ಈ ಪದ್ಧತಿ ಹೊಸದೇನಲ್ಲ.

ಲಮಿಯಾ ಅವರ ಬದುಕಿನ ದೊಡ್ಡ ಪಾಲು ಈ ಗೆಣ್ಣುದ್ದದ ಕಲ್ಲುಗಳ ಜೊತೆ ಕಳೆಯಿತು.

ಅವರ ಮನೆತನದ ಹೆಸರನ್ನು ಓದುಗರು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಬೇಕು. ಗೈಲಾನಿ, ಜೀಲಾನಿ. 1166ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ವಂಶ ಇದು. ನಮ್ಮ ಕಡೆ ಈ ಹೆಸರು ಕೇಳದವರು ಕಡಿಮೆ, ಕೇಳಿದ್ದೇವೆಂದು ಗೊತ್ತಿಲ್ಲದವರು ಹೆಚ್ಚು. ಉತ್ತರ ಕರ್ನಾಟಕದ ಊರೂರಲ್ಲಿ ಒಬ್ಬ ದಸ್ತಗೀರಸಾಬ, ಒಬ್ಬ ಮಹಬೂಬಸಾಬ ಇರುತ್ತಾರೆ. ದಸ್ತಗೀರ್ ಎಂದರೆ ಕೈ ಹಿಡಿಯುವವನು, ಮಹಬೂಬ್ ಸುಭಾನಿ ಎಂದರೆ ದೇವರಿಗೆ ಪ್ರಿಯನಾದವನು. ಎರಡೂ ಬಾಗ್ದಾದಿನ ಆ ಸಂತರ ಬಿರುದುಗಳು. ಗ್ಯಾರವಿ ಹಬ್ಬದ ದಿನ ಓದಿಸುವ ಫಾತೆಹಾ ಅವರ ಹೆಸರಿನದೇ. ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ಅವರ ಖಾದ್ರಿ ಪಂಥದ ಸೂಫಿಗಳು ನೆಲೆಸಿದ್ದರು. ಹೀಗಾಗಿ ನಾನು ಈ ಹೆಣ್ಣುಮಗಳ ಕಥೆ ಬರೆಯಲು ಕೂತಾಗ ಬಾಗ್ದಾದು ನನಗೆ ಅಷ್ಟೇನೂ ದೂರ ಅನ್ನಿಸಲಿಲ್ಲ. ಆ ಮನೆತನದ ಹಿರಿಯರೇ ಬಾಗ್ದಾದಿನ ನಕೀಬರು. ಪ್ರವಾದಿಯವರ ವಂಶಸ್ಥರಿಗೆಲ್ಲ ಮುಖ್ಯಸ್ಥರಾಗಿ ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. 1920ರಲ್ಲಿ ಇರಾಕಿಗೊಂದು ಸರ್ಕಾರ ಮಾಡಬೇಕೆಂದು ಬ್ರಿಟಿಷರು ಹೊರಟಾಗ ಮೊದಲ ಪ್ರಧಾನಿಯಾದವರು ಮುದುಕರಾದ ನಕೀಬ್ ಅಬ್ದುಲ್ ರಹಮಾನ್ ಅಲ್-ಗೈಲಾನಿ.

ಅದೇ ದಿನಗಳಲ್ಲಿ ಬಾಗ್ದಾದಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಗರ್ಟ್ರೂಡ್ ಬೆಲ್. ಅರಬ್ಬೀ ಬಲ್ಲ, ಮರಳುಗಾಡು ಸುತ್ತಿದ, ಹೊಸ ದೇಶದ ಗಡಿ ಎಳೆಯುವುದರಲ್ಲೂ ಅರಸನನ್ನು ಕೂರಿಸುವುದರಲ್ಲೂ ಕೈಯಿದ್ದ ಹೆಂಗಸು. ಮ್ಯೂಸಿಯಂ ಅವರ ಕೊನೆಯ ಕೆಲಸ. 1922ರಲ್ಲಿ ಅವರು ಪುರಾತತ್ವದ ಗೌರವ ನಿರ್ದೇಶಕಿಯಾದರು. ಆ ವರ್ಷವೇ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಊರ್ ಪಟ್ಟಣದಲ್ಲಿ ಅಗೆತ ಶುರುಮಾಡಿದ. ಊರ್ ಎಂದರೇ ಊರು. ಕನ್ನಡದವರಿಗೆ ಇದೊಂದು ತಮಾಷೆ, ಭಾಷಾಶಾಸ್ತ್ರ ಎಳೆದು ತರುವ ಅಗತ್ಯವೇನಿಲ್ಲ. ಸಿಕ್ಕಿದ್ದನ್ನು ಹಂಚಿಕೊಳ್ಳುವುದು ಆಗಿನ ಪದ್ಧತಿ. ಅಗೆದವರಿಗೆ ಒಂದು ಪಾಲು, ದೇಶಕ್ಕೆ ಒಂದು ಪಾಲು. ದೇಶದ ಪಾಲನ್ನು ಆರಿಸುವವರು ಬೆಲ್. ಪಾಲಾಗದ ಚಿನ್ನದ ಒಂದು ಪುಟ್ಟ ವಸ್ತುವಿಗೆ ರೂಪಾಯಿ ಚಿಮ್ಮಿ ತಾವು ಗೆದ್ದದ್ದನ್ನು ಅವರು ಮನೆಗೆ ಬರೆದ ಪತ್ರದಲ್ಲಿ ಖುಷಿಯಿಂದ ಹೇಳಿಕೊಂಡಿದ್ದಾರೆ. ರೂಪಾಯಿ ಎಂದರೆ ನಮ್ಮದೇ ರೂಪಾಯಿ. 1932ರಲ್ಲಿ ದಿನಾರ್ ಬರುವ ತನಕ ಬಾಗ್ದಾದಿನ ಪೇಟೆಯಲ್ಲಿ ನಡೆಯುತ್ತಿದ್ದದ್ದು ಇಂಡಿಯಾದ ನಾಣ್ಯ. ಒಂದು ದೇಶದ ಪುರಾತನ ಆಸ್ತಿ ಆ ದೇಶದಲ್ಲಿ ಉಳಿಯಬೇಕೋ ಲಂಡನ್ನಿಗೋ ಫಿಲಡೆಲ್ಫಿಯಾಕ್ಕೋ ಹೋಗಬೇಕೋ ಎಂಬುದನ್ನು ಮತ್ತೊಂದು ದೇಶದ ನಾಣ್ಯ ಗಾಳಿಯಲ್ಲಿ ತಿರುಗಿ ತೀರ್ಮಾನಿಸಿತು. ಅಂದು ರಾಣಿಯದೋ ರಾಜನದೋ ತಲೆ ಮೇಲೆ ಬಿದ್ದು ಇರಾಕಿಗೆ ಒಳ್ಳೆಯದಾಯಿತು ಎಂದಿಟ್ಟುಕೊಳ್ಳೋಣ.

1923ರಲ್ಲಿ ಸರ್ಕಾರಿ ಕಚೇರಿಯ ಒಂದು ಕೋಣೆಯಲ್ಲಿ ಕೂಡಿಟ್ಟ ವಸ್ತುಗಳಿಗೆ 1926ರಲ್ಲಿ ಸ್ವಂತ ಕಟ್ಟಡ ಸಿಕ್ಕಿತು. ಬೆಲ್ ಅದೇ ವರ್ಷದ ಜುಲೈ 12ರಂದು ತೀರಿಕೊಂಡರು. ಉಯಿಲಿನಲ್ಲಿ 6000 ಪೌಂಡು ಬಿಟ್ಟುಹೋದರು. ಆ ಹಣವೇ ಮೂಲವಾಗಿ 1932ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆರ್ಕಿಯಾಲಜಿ ಇನ್ ಇರಾಕ್ ಹುಟ್ಟಿತು. ಮ್ಯೂಸಿಯಂ ಬಾಗ್ದಾದಿನಲ್ಲಿ, ಸ್ಕೂಲು ಲಂಡನ್ನಿನಲ್ಲಿ. ಲಮಿಯಾ ಅವರ ಬದುಕೆಲ್ಲ ಈ ಎರಡರ ನಡುವಿನ ಓಡಾಟವಾಗಲಿತ್ತು.

ಆಮೇಲಿನ ಮೂವತ್ತು ವರ್ಷದಲ್ಲಿ ಮ್ಯೂಸಿಯಂ ನಿಧಾನವಾಗಿ ಇರಾಕಿಗಳ ಕೈಗೆ ಬಂತು. ಅರಬ್ ರಾಷ್ಟ್ರೀಯತೆಯ ಚಿಂತಕ ಸಾತಿ ಅಲ್-ಹುಸ್ರಿ ಪುರಾತತ್ವ ಇಲಾಖೆಯ ಚುಕ್ಕಾಣಿ ಹಿಡಿದು 1936ರ ಕಾಯಿದೆಯಿಂದ ಹಂಚಿಕೆಯ ಪದ್ಧತಿಗೆ ಲಗಾಮು ಹಾಕಿದರು. ಷಿಕಾಗೋದಲ್ಲಿ ಓದಿ ಬಂದ ತಾಹಾ ಬಾಖಿರ್, ಫುವಾದ್ ಸಫರ್ ತಾವೇ ಅಗೆಯಲು ನಿಂತರು. 1945ರಲ್ಲಿ 'ಸುಮೇರ್' ಎಂಬ ಪತ್ರಿಕೆ ಶುರುವಾಯಿತು. ಗಿಲ್ಗಮೆಶ್ ಕಾವ್ಯವನ್ನು ಅರಬ್ಬಿಗೆ ತಂದವರೂ ಇದೇ ಬಾಖಿರ್. ಅಲ್ಲಿಯ ತನಕ ಇರಾಕಿನ ಶಾಲೆಯ ಹುಡುಗರಿಗೆ ತಮ್ಮ ನೆಲದ ಅತಿ ಹಳೆಯ ಕಥೆ ಇಂಗ್ಲಿಷಿನಲ್ಲೋ ಜರ್ಮನಿನಲ್ಲೋ ಇತ್ತು.

ಲಮಿಯಾ ಬಾಗ್ದಾದಿನಲ್ಲಿ ಒಂದು ವರ್ಷ ಓದಿ ಕೇಂಬ್ರಿಜ್ಜಿಗೆ ಹೋದರು, ಪುರಾತತ್ವ ಕಲಿತರು, 1961ರಲ್ಲಿ ಇರಾಕ್ ಮ್ಯೂಸಿಯಮ್ಮಿಗೆ ಕ್ಯುರೇಟರಾಗಿ ಸೇರಿದರು. ಅಗೆತದ ಕುಳಿಗೆ ಇಳಿದ ಮೊದಲ ಇರಾಕಿ ಹೆಂಗಸರಲ್ಲಿ ಅವರೊಬ್ಬರು. ಬಾಗ್ದಾದಿನ ಪೂರ್ವದ ದಿಬ್ಬ ತೆಲ್ ಅಲ್-ಧಿಬಾಯಿ. ಅಲ್ಲಿನ ಕೆಲಸದ ವರದಿಯನ್ನು ಅವರು 1965ರ 'ಸುಮೇರ್'ನಲ್ಲಿ ಬರೆದರು. ದೊಡ್ಡ ಮನೆತನದ ಹೆಣ್ಣುಮಗಳು ಬಿಸಿಲಲ್ಲಿ ಕೂಲಿಗಳ ಜೊತೆ ಮಣ್ಣು ಜರಡಿ ಹಿಡಿಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರ ಓರಗೆಯ ಇನ್ನೊಬ್ಬರು ಸೆಲ್ಮಾ ಅಲ್-ರಾಡಿ. ತಂದೆ ರಾಯಭಾರಿಯಾಗಿದ್ದರಿಂದ ಬಾಲ್ಯದ ಕೆಲವು ವರ್ಷ ಇಂಡಿಯಾದಲ್ಲಿ ಬೆಳೆದವರು, ಆಮೇಲೆ ಅವರೂ ಕೇಂಬ್ರಿಜ್, ಅವರೂ ಇರಾಕ್ ಮ್ಯೂಸಿಯಂ. ಮುಂದೆ ಯೆಮನ್ನಿನ ರದಾ ಪಟ್ಟಣದ ಅಮೀರಿಯಾ ಮದ್ರಸಾವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತು ರಿಪೇರಿ ಮಾಡಿ, 2007ರಲ್ಲಿ ಆಗಾ ಖಾನ್ ಪ್ರಶಸ್ತಿ ಪಡೆದರು. ಒಂದೇ ಮ್ಯೂಸಿಯಮ್ಮಿನಲ್ಲಿ ಒಂದೇ ತಲೆಮಾರಿನ ಇಂಥ ಇಬ್ಬರಿದ್ದರು ಎಂಬುದು ನೆನಪಿಟ್ಟುಕೊಳ್ಳುವ ಸಂಗತಿ. ಯಾವ ಶಂಕುಸ್ಥಾಪನೆಯ ಕಲ್ಲಿನ ಮೇಲೂ ಇದನ್ನು ಕೆತ್ತುವುದಿಲ್ಲ.

1966ರಲ್ಲಿ ಮ್ಯೂಸಿಯಂ ಸಾಲಿಹಿಯಾ ಪ್ರದೇಶದ ಹೊಸ ಕಟ್ಟಡಕ್ಕೆ ಹೋಯಿತು. ನಕ್ಷೆ ಬರೆದವರು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣ ಕಟ್ಟಿದ ವರ್ನರ್ ಮಾರ್ಚ್. ಮನೆ ಬದಲಿಸಿದವರಿಗೆ ಗೊತ್ತು, ಸಾಮಾನು ಸಾಗಿಸುವುದಕ್ಕಿಂತ ಯಾವುದು ಯಾವ ಡಬ್ಬದಲ್ಲಿದೆ ಎಂದು ಬರೆದಿಡುವುದು ಕಷ್ಟ. ಮ್ಯೂಸಿಯಮ್ಮಿಗೆ ಬಂದ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಸಂಖ್ಯೆಯ ಹಿಂದೆ ಇರಾಕ್ ಮ್ಯೂಸಿಯಮ್ಮಿನ ಗುರುತಾದ 'ಐ ಎಂ' ಎಂಬ ಎರಡಕ್ಷರ. ಆ ಸಂಖ್ಯೆಯನ್ನು ವಸ್ತುವಿನ ಮೈಮೇಲೆಯೇ ಬರೆಯುತ್ತಾರೆ, ರಿಜಿಸ್ಟರಿನಲ್ಲೂ ಬರೆಯುತ್ತಾರೆ, ಚೀಟಿಯಲ್ಲೂ ಬರೆಯುತ್ತಾರೆ. ಗೆಣ್ಣುದ್ದದ ಕಲ್ಲಿನ ಮೇಲೆ ಸಂಖ್ಯೆ ಬರೆಯುವುದು ಅಕ್ಕಿ ಕಾಳಿನ ಮೇಲೆ ಹೆಸರು ಬರೆಯುವವರ ಕೆಲಸದ ಹಾಗೆ. ನೋಡುಗರಿಗೆ ಗಾಜಿನ ಪೆಟ್ಟಿಗೆ ಕಾಣುತ್ತದೆ. ಒಳಗಿನವರಿಗೆ ಮ್ಯೂಸಿಯಂ ಎಂದರೆ ಈ ರಿಜಿಸ್ಟರೇ.

ಎಪ್ಪತ್ತರ ದಶಕದಲ್ಲಿ ಲಮಿಯಾ ಮತ್ತೆ ಇಂಗ್ಲೆಂಡಿಗೆ ಬಂದರು, ಲಂಡನ್ನಿನಲ್ಲೇ ನೆಲೆಸಿದರು. 1977ರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಯಾಲಜಿಯಿಂದ ಡಾಕ್ಟರೇಟ್ ಪಡೆದರು. ವಿಷಯ, ಹಳೆಯ ಬ್ಯಾಬಿಲೋನ್ ಕಾಲದ ಉರುಳುಮುದ್ರೆಗಳ ಕಾಲಾನುಕ್ರಮ ಮತ್ತು ಪ್ರಾದೇಶಿಕ ಶೈಲಿ. ಆಧಾರ, ತಾವು ಬಿಟ್ಟುಬಂದ ಮ್ಯೂಸಿಯಮ್ಮಿನ ಸಂಗ್ರಹ. ಅದು 1988ರಲ್ಲಿ ಪುಸ್ತಕವಾಗಿ ಬಂತು. ಪ್ರಾದೇಶಿಕ ಶೈಲಿ ಎಂದರೆ ಏನು? ಸೆರಗು ನೋಡಿ ಇದು ಇಳಕಲ್ಲು, ಇದು ಮೊಳಕಾಲ್ಮೂರು ಎಂದು ನಮ್ಮ ಮನೆಯ ಹಿರಿಯ ಹೆಂಗಸರು ಹೇಳಿಬಿಡುತ್ತಾರೆ. ಹಾಗೆ, ದೇವಿಯ ಲಂಗದ ನೆರಿಗೆ ಹೇಗೆ ಬಿದ್ದಿದೆ, ಖಾಲಿ ಜಾಗದಲ್ಲಿ ಏನು ತುರುಕಿದ್ದಾರೆ, ಕೊರೆದ ಉಳಿಯೋ ಬೈರಿಗೆಯೋ ಎಂಬುದನ್ನು ನೋಡಿ ಇದು ದಿಯಾಲಾ ಕಣಿವೆಯ ಕಸುಬುದಾರನದು, ಇದು ದಕ್ಷಿಣದ್ದು ಎಂದು ಹೇಳುವ ವಿದ್ಯೆ. ಈ ವಿದ್ಯೆಗೆ ಕಣ್ಣು ಪಳಗಬೇಕು. ಸಾವಿರಗಟ್ಟಲೆ ನೋಡಬೇಕು. ಮುದ್ರೆ ಎಲ್ಲಿ ಸಿಕ್ಕಿತು ಎಂಬ ದಾಖಲೆಯಿಲ್ಲದಿದ್ದರೆ ಈ ವಿದ್ಯೆ ಹುಟ್ಟುವುದೇ ಇಲ್ಲ. ಕಳ್ಳಪೇಟೆಯಿಂದ ಕೊಂಡ ಮುದ್ರೆ ಎಷ್ಟೇ ಚೆಂದವಿದ್ದರೂ ಊರಿಲ್ಲದ್ದು. ಅದಕ್ಕೇ ಅವರು ತಮ್ಮ ಪುಸ್ತಕಕ್ಕೆ ಖಾಸಗಿ ಸಂಗ್ರಹಕಾರರ ತಿಜೋರಿಗಿಂತ ಬಾಗ್ದಾದಿನ ರಿಜಿಸ್ಟರನ್ನು ನೆಚ್ಚಿದ್ದು ಎಂದು ನಾನು ಓದಿಕೊಂಡಿದ್ದೇನೆ.

ಪರದೇಶದಲ್ಲಿ ನೆಲೆಸಿ ತಾಯ್ನಾಡಿನ ಸಂಸ್ಕೃತಿ ಸಾರಿದವರು ಎಂದರೆ ನಮಗೆ ಒಂದು ಚಿತ್ರ ಬರುತ್ತದೆ: ವರ್ಷಕ್ಕೊಮ್ಮೆ ಹಬ್ಬ, ನೃತ್ಯ, ಊಟ, ರಾಯಭಾರ ಕಚೇರಿಯವರ ಭಾಷಣ. ಹೊರನಾಡ ಕನ್ನಡ ಕೂಟಗಳನ್ನು ಕಂಡವರು ನಾವು, ಅದನ್ನು ಹಗುರ ಮಾಡಿ ಮಾತಾಡಲಾರೆ. ಲಂಡನ್ನಿನ ಇರಾಕಿಗಳಿಗೂ ಅಂಥ ಕೂಡುದಾಣಗಳಿದ್ದವು. ಬಾಗ್ದಾದಿನ ಹೆಸರಾಂತ ವಾಸ್ತುಶಿಲ್ಪಿ ಮೊಹಮ್ಮದ್ ಮಕಿಯಾ ವೆಸ್ಟ್‌ಬೋರ್ನ್ ಗ್ರೋವಿನಲ್ಲಿ ಕೂಫಾ ಗ್ಯಾಲರಿ ತೆರೆದಿದ್ದರು. ಚಿತ್ರ, ಕವಿಗೋಷ್ಠಿ, ಉಪನ್ಯಾಸ, ಮತ್ತೆ ಎಲ್ಲ ವಲಸಿಗರ ಹಾಗೆ ರಾಜಕೀಯದ ಜಗಳ. 1998ರಲ್ಲಿ ಇರಾಕಿನಿಂದ ಬಂದ ಅಸ್ಸೀರಿಯನ್ ಲೇಖಕ ಸ್ಯಾಮುಯೆಲ್ ಶಿಮೋನ್ ಮತ್ತು ಅವರ ಹೆಂಡತಿ ಮಾರ್ಗರೆಟ್ ಒಬ್ಯಾಂಕ್ 'ಬನಿಪಾಲ್' ಎಂಬ ಪತ್ರಿಕೆ ಶುರುಮಾಡಿ ಅರಬ್ಬೀ ಸಾಹಿತ್ಯವನ್ನು ಇಂಗ್ಲಿಷಿಗೆ ತಂದರು. ಹೆಸರು ನಿನೆವೆಯಲ್ಲಿ ದೊಡ್ಡ ಗ್ರಂಥಾಲಯ ಕಟ್ಟಿದ ಅರಸ ಅಶ್ಶೂರ್‌ಬನಿಪಾಲನದು. ಕಲಾವಿದೆ ಮೈಸಲೂನ್ ಫರಾಜ್ ಇರಾಕಿನ ಹೊಸಗಾಲದ ಚಿತ್ರಕಾರರನ್ನು ಒಟ್ಟುಗೂಡಿಸಿ ಪ್ರದರ್ಶನ ಮಾಡಿದರು, ಪುಸ್ತಕ ತಂದರು. ಇವರೆಲ್ಲರ ಕೆಲಸ ಕಣ್ಣಿಗೆ ಕಾಣುವಂಥದ್ದು. ಲಮಿಯಾ ಅವರದು ಅಷ್ಟು ಕಾಣುವುದಲ್ಲ. ಉಪನ್ಯಾಸ ಕೊಟ್ಟರು, ವಿದ್ಯಾರ್ಥಿಗಳಿಗೆ ದಾರಿ ತೋರಿಸಿದರು. ಸಾಲಿಮ್ ಅಲ್-ಆಲೂಸಿಯವರ ಜೊತೆ ಸೇರಿ ಅರಬ್ಬಿಯಲ್ಲಿ 'ಮೊದಲ ಅರಬರು' ಎಂಬ ಪುಸ್ತಕ ಬರೆದರು. ಇಸ್ಲಾಮಿಗಿಂತ ಎಷ್ಟೋ ಮುಂಚಿನ ಅರಬರ ಜಾಡನ್ನು ಮೆಸೊಪೊಟೇಮಿಯದ ನೆಲದಲ್ಲೇ ಹುಡುಕುವ ಪುಸ್ತಕ ಅದು. ಲಂಡನ್ನಿನಲ್ಲಿ ಕೂತು ಅರಬ್ಬಿಯಲ್ಲಿ ಬರೆದದ್ದು ಗಮನಿಸಬೇಕು. ಬಿಳಿಯರಿಗೆ ಇರಾಕನ್ನು ಪರಿಚಯಿಸುವ ಹಾಗೆಯೇ ಇರಾಕಿಗಳಿಗೂ ಅವರ ಇರಾಕನ್ನು ತಿಳಿಸಿಕೊಡುವ ಕೆಲಸ ಬಾಕಿ ಇದೆ ಎಂದು ಅವರಿಗೆ ಅನ್ನಿಸಿರಬೇಕು.

ಆಗ ಇರಾಕಿನ ಬಾಗಿಲು ಮುಚ್ಚುತ್ತ ಬಂದಿತ್ತು. 1990ರಲ್ಲಿ ಕುವೈತಿನ ಮೇಲೆ ದಾಳಿ, ಆಮೇಲೆ ಹನ್ನೆರಡು ವರ್ಷಕ್ಕೂ ಮಿಕ್ಕಿದ ನಿರ್ಬಂಧ. ವಿದೇಶೀ ಪುರಾತತ್ವಜ್ಞರೆಲ್ಲ ಗಂಟುಮೂಟೆ ಕಟ್ಟಿದರು. 1991ರ ವಸಂತದಲ್ಲಿ ದಕ್ಷಿಣ ಮತ್ತು ಉತ್ತರದಲ್ಲಿ ಜನ ದಂಗೆಯೆದ್ದಾಗ ಜಿಲ್ಲಾ ಮಟ್ಟದ ಹಲವು ಮ್ಯೂಸಿಯಂಗಳು ಲೂಟಿಯಾದವು. ಬಸ್ರಾದ್ದೂ ಅದರಲ್ಲೊಂದು. ಬಾಗ್ದಾದಿನ ಮ್ಯೂಸಿಯಂ ಬಾಗಿಲು ಹಾಕಿಕೊಂಡು 2000ದ ಏಪ್ರಿಲ್‌ವರೆಗೂ ತೆರೆಯಲಿಲ್ಲ. ಆ ವರ್ಷಗಳಲ್ಲಿ ಲಂಡನ್ನಿನ ಹರಾಜುಗಳಲ್ಲಿ ಉರುಳುಮುದ್ರೆಗಳು ಹೇರಳವಾಗಿ ಬಂದವು. ಮುಷ್ಟಿಯಲ್ಲಿ ಹತ್ತು ಹಿಡಿಯುವ ವಸ್ತು, ಗಡಿ ದಾಟಿಸುವುದು ಸುಲಭ. ಜೇಬಿನಲ್ಲಿ ಹಾಕಿಕೊಂಡರೆ ಆಯಿತು.

2003ರ ಏಪ್ರಿಲ್ 10ರಿಂದ 12ರ ತನಕದ ಮೂರು ದಿನಗಳ ಬಗ್ಗೆ ಆಗಲೇ ಬೇಕಾದಷ್ಟು ಬರೆದಿದ್ದಾರೆ. ಅಮೆರಿಕದ ಸೈನ್ಯ ಬಾಗ್ದಾದಿಗೆ ನುಗ್ಗಿತು, ಮ್ಯೂಸಿಯಮ್ಮಿನ ಕಾವಲಿಗೆ ಟ್ಯಾಂಕು ಬಂದದ್ದು 16ರಂದು. ನಡುವೆ ಸುಮಾರು 15,000 ವಸ್ತುಗಳು ಹೋದವು. ಪತ್ರಿಕೆಗಳಲ್ಲಿ ಚಿತ್ರ ಬಂದದ್ದು ದೊಡ್ಡ ವಸ್ತುಗಳದು. ಉರುಕ್‌ನ ಮುಖವಾಡ ಸೆಪ್ಟೆಂಬರಿನಲ್ಲಿ ಒಂದು ತೋಟದಲ್ಲಿ ಹೂತದ್ದು ಸಿಕ್ಕಿತು. ಉರುಕ್‌ನ ಹೂದಾನಿ ಜೂನ್‌ನಲ್ಲಿ ಒಂದು ಕಾರಿನ ಡಿಕ್ಕಿಯಲ್ಲಿ, ಚೂರಾಗಿ, ತಾನಾಗಿ ವಾಪಸು ಬಂತು. ಬಸೆತ್ಕಿಯ ತಾಮ್ರದ ವಿಗ್ರಹ ಕೊಳಚೆ ಗುಂಡಿಯಿಂದ ಎದ್ದಿತು. ನನ್ನನ್ನು ಇವತ್ತಿಗೂ ಕಾಡುವುದು ನೆಲಮಾಳಿಗೆಯಲ್ಲಿ ನಡೆದದ್ದು.

ತನಿಖೆ ಮಾಡಿದ ಅಮೆರಿಕದ ಕರ್ನಲ್ ಮ್ಯಾಥ್ಯೂ ಬೊಗ್ಡಾನೊಸ್ ಹೇಳುವ ಪ್ರಕಾರ ಅಲ್ಲಿಗೆ ಇಳಿದವರು ಬೀದಿಯ ಜನವಲ್ಲ, ಒಳಗಿನ ಗುಟ್ಟು ಬಲ್ಲವರು. ನಾಣ್ಯಗಳೂ ಮುದ್ರೆಗಳೂ ತುಂಬಿದ ಬೀರುಗಳು ಯಾವ ಮೂಲೆಯ ಕೋಣೆಯಲ್ಲಿವೆ ಎಂದು ಗೊತ್ತಿತ್ತು, ಬೀಗದ ಕೈಗಳೂ ಅವರ ಕೈಯಲ್ಲಿದ್ದವು. ಕರೆಂಟಿರಲಿಲ್ಲ. ಪ್ಯಾಕಿಂಗಿನ ಫೋಮನ್ನು ಕಿತ್ತು ಅದಕ್ಕೆ ಬೆಂಕಿ ಹಚ್ಚಿ ದೀವಟಿಗೆ ಮಾಡಿಕೊಂಡರು. ಹೊಗೆ, ಕತ್ತಲು. ಆ ಗಡಿಬಿಡಿಯಲ್ಲಿ ಬೀಗದ ಕೈಗಳು ಕೆಳಗೆ ಬಿದ್ದವು. ನೆಲದ ಮೇಲಿದ್ದ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಎಸೆದಾಡಿ ಹುಡುಕಿದರು. ಸಿಗಲಿಲ್ಲ. ಬೀರುಗಳು ಬಚಾವಾದವು. ಹತ್ತಾರು ಸಾವಿರ ಗ್ರೀಕ್, ರೋಮನ್, ಇಸ್ಲಾಮೀ ನಾಣ್ಯಗಳು ಒಳಗೇ ಉಳಿದವು. ಆದರೆ ಬೀಗವಿಲ್ಲದ ಆ ಡಬ್ಬಗಳೊಳಗಿದ್ದದ್ದು ಸಣ್ಣ ಸಣ್ಣ ವಸ್ತುಗಳು, ಸುಮಾರು 5000 ಉರುಳುಮುದ್ರೆಗಳು. ಅವು ಹೋದವು.

ಈ ಲೆಕ್ಕ ಲಂಡನ್ನಿಗೆ ತಲುಪಿದ ದಿನ ಲಮಿಯಾ ಅವರ ಮನೆಯಲ್ಲಿ ಏನಾಯಿತು ಎಂದು ಊಹಿಸಿ ಬರೆಯುವುದು ಸುಲಭ. ಬರೆಯುವುದಿಲ್ಲ. ಅವರು ಏನು ಮಾಡಿದರು ಎಂಬುದು ಸಾಕು. 2003ರ ನಂತರ ಬಾಗ್ದಾದಿಗೆ ಹೋದರು. ಅರವತ್ತೈದು ದಾಟಿತ್ತು. ಕಚೇರಿಗಳಲ್ಲಿ ಕಡತಗಳೂ ಚೀಟಿಗಳೂ ನೆಲದ ಮೇಲೆ ಚೆಲ್ಲಾಡಿದ್ದ ಮ್ಯೂಸಿಯಮ್ಮನ್ನು ಮತ್ತೆ ನಿಲ್ಲಿಸುವ ಕೆಲಸದಲ್ಲಿ ಸಲಹೆಗಾರರಾಗಿ ಸೇರಿದರು, ಮುಂದಿನ ವರ್ಷಗಳಲ್ಲೂ ಹೋಗಿ ಬಂದು ಮಾಡುತ್ತಿದ್ದರು. ಬಾಂಬು ಸಿಡಿಯದ ವಾರ ಬಾಗ್ದಾದಿನಲ್ಲಿ ಆಗ ಅಪರೂಪ.

ಇಲ್ಲಿ ಆ 1988ರ ಪುಸ್ತಕದ ಬೆಲೆ ಬೇರೆಯಾಯಿತು. ಅದನ್ನು ಬರೆಯುವಾಗ ಅದು ಶೈಲಿಯ ಚರ್ಚೆ. ಓದುವವರು ಪ್ರಪಂಚದಲ್ಲಿ ನೂರಿನ್ನೂರು ಜನ. ಈಗ ಅದೇ ಪುಸ್ತಕ ಸಾಕ್ಷಿ. ಹರಾಜಿಗೋ ವ್ಯಾಪಾರಿಯ ಗಾಜಿನ ಪೆಟ್ಟಿಗೆಗೋ ಒಂದು ಮುದ್ರೆ ಬರುತ್ತದೆ; ಮೈಮೇಲಿನ ಐ ಎಂ ಸಂಖ್ಯೆಯನ್ನು ಉಜ್ಜಿ ತೆಗೆದಿದ್ದಾರೆ. ಉಜ್ಜಿದವನಿಗೆ ದೇವಿಯ ಲಂಗದ ನೆರಿಗೆಯನ್ನು ಉಜ್ಜಲಾಗುವುದಿಲ್ಲ. ಪುಸ್ತಕದಲ್ಲಿ ಅದರ ಚಿತ್ರವಿದ್ದರೆ, ಎಲ್ಲಿ ಸಿಕ್ಕಿತು ಎಂದು ಬರೆದಿದ್ದರೆ, ಮಾರುವವನು ಉತ್ತರ ಕೊಡಬೇಕು. ಚಿತ್ರವಿಲ್ಲದ, ಯಾರೂ ಬರೆಯದ ಮುದ್ರೆ ಹೋಯಿತೆಂದರೆ ಹೋಯಿತು. ನಮ್ಮ ಎಷ್ಟು ದೇವಸ್ಥಾನಗಳ ಉತ್ಸವಮೂರ್ತಿಗಳಿಗೆ ಒಂದು ನೆಟ್ಟಗಿನ ಫೋಟೋ ಇದೆ ಎಂದು ನಾನು ಈ ಸಂಚಿಕೆಯ ಓದುಗರನ್ನು ಕೇಳಬಹುದಿತ್ತು. ವಿಷಯಾಂತರವಾದೀತು.

ಬ್ರಿಟಿಷ್ ಸ್ಕೂಲಿಗೆ 2007ರಲ್ಲಿ ಹೆಸರು ಬದಲಾಯಿತು: ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ಇರಾಕ್. ಅಗೆಯಲು ಹೋಗುವ ಕಾಲ ಹೋಗಿತ್ತು, ಇರಾಕಿನ ವಿದ್ವಾಂಸರನ್ನು ಕರೆಸಿ ತರಬೇತಿ ಕೊಡುವ ಕಾಲ ಬಂದಿತ್ತು. 2009ರಲ್ಲಿ ಆ ಸಂಸ್ಥೆ ಲಮಿಯಾ ಅವರಿಗೆ ಗರ್ಟ್ರೂಡ್ ಬೆಲ್ ಸ್ಮಾರಕ ಚಿನ್ನದ ಪದಕ ಕೊಟ್ಟಿತು. ಬೆಲ್ ಮಾತುಕತೆ ನಡೆಸುತ್ತಿದ್ದ ನಕೀಬರ ಮನೆತನದ ಹೆಣ್ಣು, ಬೆಲ್ ಕಟ್ಟಿದ ಮ್ಯೂಸಿಯಮ್ಮಿನಲ್ಲಿ ದುಡಿದು, ಬೆಲ್ ಬಿಟ್ಟುಹೋದ ಹಣದಿಂದ ಹುಟ್ಟಿದ ಸಂಸ್ಥೆಯಿಂದ ಬೆಲ್ ಹೆಸರಿನ ಪದಕ ಪಡೆಯುವುದು! ಕಾದಂಬರಿಯಲ್ಲಿ ಹೀಗೆ ಬರೆದರೆ ವಿಮರ್ಶಕರು ನಂಬುವುದಿಲ್ಲ. ಬೆಲ್ ಬಗ್ಗೆ ಇರಾಕಿನಲ್ಲಿ ಎರಡು ಅಭಿಪ್ರಾಯವಿದೆ, ಇರಬೇಕಾದದ್ದೇ. ಸಾಮ್ರಾಜ್ಯದ ಕೆಲಸಗಾರ್ತಿ ಮ್ಯೂಸಿಯಂ ಕೊಟ್ಟಳು ಎಂದು ಸಾಮ್ರಾಜ್ಯವನ್ನು ಕ್ಷಮಿಸಬೇಕಿಲ್ಲ, ಸಾಮ್ರಾಜ್ಯದವಳು ಎಂದು ಮ್ಯೂಸಿಯಮ್ಮನ್ನು ಹಳಿಯಬೇಕಾಗಿಯೂ ಇಲ್ಲ. ಲಮಿಯಾ ಆ ಮ್ಯೂಸಿಯಂ ಹುಟ್ಟಿದ ಬಗೆಯನ್ನು ತಾವೇ ಬರೆದರು. ಲೂಟಿಯ ಬಗ್ಗೆ 2005ರಲ್ಲಿ ಬಂದ ಸಂಕಲನದಲ್ಲಿ ಅದು ಒಂದು ಅಧ್ಯಾಯ. ಎಲ್ಲರೂ ಕಳೆದುಹೋದದ್ದನ್ನು ಪಟ್ಟಿಮಾಡುತ್ತಿದ್ದಾಗ ಅವರು ಅದು ಹೇಗೆ ಕೂಡಿಬಂತು ಎಂಬುದರಿಂದ ಶುರುಮಾಡಿದರು.

ಇನ್ನು ಬಸ್ರಾ. ಶತ್ತುಲ್ ಅರಬ್ ನದಿಯ ದಂಡೆಯಲ್ಲಿ ಸದ್ದಾಂ ಕಟ್ಟಿಸಿದ ಅರಮನೆಯೊಂದಿತ್ತು. 2003ರ ನಂತರ ಬ್ರಿಟಿಷ್ ಸೈನಿಕರು ಅದರಲ್ಲಿದ್ದರು. ಸೈನ್ಯ ಹೋದಮೇಲೆ ಅದನ್ನು ಮ್ಯೂಸಿಯಂ ಮಾಡಬೇಕೆಂದು ಬಸ್ರಾದ ಪುರಾತತ್ವ ಅಧಿಕಾರಿ ಕಹ್ತಾನ್ ಅಲ್-ಅಬೀದ್ ಹಟ ಹಿಡಿದರು. ಅವರ ಬೆನ್ನಿಗೆ ಲಂಡನ್ನಿನಿಂದ ನಿಂತವರಲ್ಲಿ ಲಮಿಯಾ ಮುಖ್ಯರು. ಹಣ ಕೂಡಿಸಬೇಕು, ಬಾಗ್ದಾದಿನ ಅಧಿಕಾರಿಗಳ ಮನವೊಲಿಸಬೇಕು. ಎಲ್ಲ ದೇಶದ ರಾಜಧಾನಿಯ ಹಾಗೆ ಅಲ್ಲಿಯೂ ಜಿಲ್ಲೆಗೆ ವಸ್ತು ಬಿಟ್ಟುಕೊಡುವುದೆಂದರೆ ಹೊಟ್ಟೆ ಉರಿ. ಹಣ ಕೊಟ್ಟವರಲ್ಲಿ ತೈಲ ಕಂಪನಿಯೂ ಇತ್ತು. ಬಸ್ರಾದ ನೆಲದಿಂದ ಎಣ್ಣೆ ಎತ್ತುವವರು ಅದೇ ನೆಲದ ಮಡಕೆಗಳಿಗೆ ಗಾಜಿನ ಪೆಟ್ಟಿಗೆ ಮಾಡಿಸಿಕೊಟ್ಟರು. ಇದರಲ್ಲಿ ವ್ಯಂಗ್ಯ ಕಾಣುವವರಿಗೆ ಕಾಣಲಿ. ಸರ್ಕಾರದ ಬೊಕ್ಕಸದಿಂದ ಬರುವ ತನಕ ಕಾಯುತ್ತ ಕೂತಿದ್ದರೆ ಬಸ್ರಾದ ಮಕ್ಕಳು ಇನ್ನೊಂದು ತಲೆಮಾರು ತಮ್ಮ ಊರಿನ ಹಳೆಯ ನಾಣ್ಯವನ್ನು ಪುಸ್ತಕದಲ್ಲೇ ನೋಡಬೇಕಿತ್ತು ಎಂಬುದೂ ನಿಜ. 2016ರ ಸೆಪ್ಟೆಂಬರಿನಲ್ಲಿ ಮೊದಲ ಕೋಣೆ ತೆರೆಯಿತು. ಅದು ಬಸ್ರಾದ ಸ್ವಂತ ಚರಿತ್ರೆಯ ಕೋಣೆ. ಅದಕ್ಕೂ ಹತ್ತೊಂಬತ್ತು ತಿಂಗಳ ಹಿಂದೆ ಮೊಸುಲ್ ಮ್ಯೂಸಿಯಮ್ಮಿನಲ್ಲಿ ಐಸಿಸ್‌ನವರು ಸುತ್ತಿಗೆ ಹಿಡಿದು ವಿಗ್ರಹ ಒಡೆಯುವ ಚಿತ್ರ ಜಗತ್ತೆಲ್ಲ ನೋಡಿತ್ತು. ಆ ಚಿತ್ರ ಬಂದ ಎರಡೇ ದಿನಕ್ಕೆ, 2015ರ ಫೆಬ್ರವರಿ 28ರಂದು, ಬಾಗ್ದಾದಿನ ಮ್ಯೂಸಿಯಂ ಮತ್ತೆ ಬಾಗಿಲು ತೆರೆದಿತ್ತು. ಉತ್ತರದಲ್ಲಿ ಒಂದು ಮುರಿಯಿತು, ನಡುವೆ ಒಂದು ತೆರೆಯಿತು, ದಕ್ಷಿಣದಲ್ಲಿ ಒಂದು ಹೊಸದಾಗಿ ಹುಟ್ಟಿತು.

ಬಸ್ರಾದಲ್ಲಿ ಇನ್ನೂ ಮೂರು ಕೋಣೆ ಬಾಕಿ ಇದ್ದವು. ಸುಮೇರ್, ಬ್ಯಾಬಿಲೋನ್, ಅಸ್ಸೀರಿಯ. 2019ರ ಜನವರಿ 18ರಂದು ಲಮಿಯಾ ಅಮ್ಮಾನಿನಲ್ಲಿ ತೀರಿಕೊಂಡರು. ಎಂಬತ್ತು ವರ್ಷ. ದೇಹವನ್ನು ಲಂಡನ್ನಿಗೆ ಒಯ್ಯಲಿಲ್ಲ, ಬಾಗ್ದಾದಿಗೆ ತಂದರು. ಶವಪೆಟ್ಟಿಗೆ ಮೊದಲು ಹೋದದ್ದು ಇರಾಕ್ ಮ್ಯೂಸಿಯಮ್ಮಿಗೆ. ಅಲ್ಲಿ ಸಹೋದ್ಯೋಗಿಗಳು ನಮನ ಸಲ್ಲಿಸಿದರು. ಅಲ್ಲಿಂದ ನಮಾಜಿಗೆ ಖಾದಿರಿಯಾ ಮಸೀದಿಗೆ ಒಯ್ದರು. ಅಬ್ದುಲ್ ಖಾದಿರ್ ಜೀಲಾನಿಯವರ ಗೋರಿ ಇರುವ, ನಮ್ಮ ದಸ್ತಗೀರಸಾಬರು ಹರಕೆ ಹೊರುವ ಅದೇ ಮಸೀದಿ.

ಎರಡು ತಿಂಗಳ ನಂತರ, ಮಾರ್ಚಿನಲ್ಲಿ, ಬಸ್ರಾದ ಉಳಿದ ಮೂರು ಕೋಣೆಗಳು ತೆರೆದವು.